ಗೇಟಲ್ಲಿ ಥರ್ಮಲ್ ಗನ್, ಒಳಗೆ ಮುಚ್ಚಿದ ಕಿಟಕಿ

ಕೊರೋನಾ ಟೈಮಲ್ಲಿ ನಾನು ಪ್ಯಾಕಿಂಗ್ ಸೆಕ್ಷನ್ನಲ್ಲಿ ಶಿಫ್ಟ್ ಇನ್‌ಚಾರ್ಜ್, ಅಂದ್ರೆ ಮೇಲಿನವ್ರ ಬೈಗುಳನೂ ನನಗೇ, ಕೆಳಗಿನವ್ರ ಸಿಟ್ಟೂ ನನಗೇ. ಕಂಪನಿ ಕೈಕಟ್ಟಿ ಕೂತಿತ್ತು ಅಂತ ಹೇಳಕ್ಕಾಗಲ್ಲ, ಖರ್ಚೇನೋ ಜೋರಾಗೇ ಮಾಡಿದ್ರು, ಗೇಟಲ್ಲಿ ಹಣೆಗೆ ಗನ್ ಹಿಡಿಯೋದು, ನೆಲದ ಮೇಲೆ ಹಳದಿ ಗುರುತು, ದಿನಾ ಸಂಜೆ ಔಷಧಿ ಹೊಡೆದು ಫೋಟೋ ತೆಗ್ದು ಹೆಡ್ ಆಫೀಸಿಗೆ ಕಳ್ಸೋದು. ಆದ್ರೆ ಧೂಳು ಬರುತ್ತೆ ಅಂತ ಕಿಟಕಿ ಮಾತ್ರ ತೆಗೆಯೋ ಹಾಗಿಲ್ಲ. ಊಟದ ರೂಮಲ್ಲಿ ಎಲ್ರೂ ಒಂದೇ ಹೊತ್ತಿಗೆ ಮಾಸ್ಕ್ ಬಿಚ್ಚಿ ಎದುರುಬದುರು ಕೂತ್ಕೊಳ್ಳೋದು!

ಆ ಗನ್ ವಿಷ್ಯ ನೋಡಿ. ಜ್ವರ ಕಾಣಿಸ್ಕೊಳ್ಳೋಕೆ ಒಂದೆರಡು ದಿನ ಮುಂಚೇನೇ ಹರಡೋ ಕಾಯಿಲೆ ಅದು, ಜೊತೆಗೆ ಪ್ಯಾರಾಸಿಟಮಾಲ್ ನುಂಗಿ ಬಂದ್ರೆ ಗನ್ನಿಗೆ ಏನು ಗೊತ್ತಾಗುತ್ತೆ. ನಮ್ಮಲ್ಲಿ ನುಂಗ್ಕೊಂಡೇ ಬರ್ತಿದ್ರು. ಒಬ್ಬ ಹೆಲ್ಪರ್‌ನ ಪಕ್ಕಕ್ಕೆ ಕರೆದು ಕೇಳಿದ್ದಕ್ಕೆ ಅವ್ನು, "ಸಾರ್, ಕೊರೋನಾ ಬಂದ್ರೆ ಬದುಕಿದ್ರೂ ಬದುಕ್ತೀನಿ, 14 ದಿನದ ಸಂಬಳ ಹೋದ್ರೆ ಬಾಡಿಗೆ ಯಾರು ಕಟ್ತಾರೆ" ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ. ಹುಷಾರಿಲ್ಲ ಅಂತ ಬಾಯ್ಬಿಟ್ರೆ ಸಂಬಳ ಕಟ್ ಅನ್ನೋ ಕಡೆ ಯಾವ ಸ್ಯಾನಿಟೈಸರ್ ಇಟ್ರೂ ದಂಡ ಅಂತ ನನ್ನ ಅಭಿಪ್ರಾಯ.

ಬಾಯಲ್ಲಿ ಕೇಳಿದಾಗೆಲ್ಲ ಎಚ್‌ಆರ್ ಕಡೆಯಿಂದ ಬರ್ತಿದ್ದ ಉತ್ತರ "ನೋಡೋಣ". ಆಮೇಲೆ ಎಲ್ರೂ ಸೇರಿ ಒಂದೇ ಲೆಟರ್ ಬರೆದ್ವಿ, ತಾರೀಖು ಹಾಕಿ, ಸಹಿ ಹಾಕಿ, ಒಂದು ಕಾಪಿ ನಾವಿಟ್ಕೊಂಡು. ಕೇಳಿದ್ದು ಇಷ್ಟೇ, ಪಾಸಿಟಿವ್ ಬಂದ್ರೆ ಸಂಬಳ ಸಹಿತ ರಜೆ, ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್, ಊಟಕ್ಕೆ ಬೇರೆ ಬೇರೆ ಟೈಮು. ಇನ್ನೊಂದು, ಸ್ಯಾಲರಿ ಸ್ಲಿಪ್ಪಲ್ಲಿ ಮಾಸ್ಕ್ ದುಡ್ಡು ಹಿಡ್ಕೊಂಡಿದ್ರಲ್ಲ, ಅದನ್ನ ವಾಪಸ್ ಕೊಡಿ ಅಂತ. ಐಎಲ್‌ಓ, ಅಂದ್ರೆ ವಿಶ್ವಸಂಸ್ಥೆಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಪ್ಪಂದದಲ್ಲಿ ಸೇಫ್ಟಿ ಖರ್ಚು ಕೆಲಸಗಾರನ ತಲೆ ಮೇಲೆ ಬೀಳಬಾರ್ದು ಅಂತ 21ನೇ ಕಲಮಲ್ಲಿ ನೇರವಾಗೇ ಇದೆ, ಅದನ್ನೇ ಬರೆದ್ವಿ. ಮಾಸ್ಕ್ ದುಡ್ಡು ಮುಂದಿನ ತಿಂಗಳೇ ವಾಪಸ್ ಬಂತು.

ಕಿಟಕಿಗೆ ಮಾತ್ರ ಮ್ಯಾನೇಜರ್ ಜಪ್ಪಯ್ಯ ಅನ್ಲಿಲ್ಲ. ಕೊನೆಗೆ ಮೇಂಟೆನೆನ್ಸ್ ಹುಡುಗ ಎಲ್ಲಿಂದಲೋ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದು ಊಟದ ಟೇಬಲ್ ಮೇಲಿಟ್ಟ. ಹೊರಗಿನ ಗಾಳಿಲಿ ಸುಮಾರು 420 ಪಿಪಿಎಂ, ಅಂದ್ರೆ ಹತ್ತು ಲಕ್ಷಕ್ಕೆ 420 ಪಾಲು ಇರುತ್ತೆ, ಅಲ್ಲಿ 2000 ದಾಟಿತ್ತು, ಅಂದ್ರೆ ಒಬ್ರು ಬಿಟ್ಟ ಉಸಿರನ್ನೇ ಇನ್ನೊಬ್ರು ಎಳ್ಕೋತಿದಾರೆ ಅಂತ. ಎರಡು ಕಡೆ ಕಿಟಕಿ ತೆಗ್ದು ಸ್ವಲ್ಪ ಹೊತ್ತು ಬಿಟ್ಟ ಮೇಲೆ ನಂಬರ್ ಸರಸರ ಇಳೀತು, ಮ್ಯಾನೇಜರ್ ಅಲ್ಲೇ ನಿಂತು ನೋಡ್ತಿದ್ರು. ಫ್ಯಾನಿಗೆ ಸಹಿ ಬಿದ್ದಿದ್ದು ಆ ಮೀಟರಿಂದ, ನಮ್ಮ ಲೆಟರಿಂದ ಅಲ್ಲ ಅಂತ ಈಗ್ಲೂ ಅನ್ಸುತ್ತೆ.

ಕೆಲಸ ಮಾಡಲ್ಲ ಅನ್ನೋ ಹಕ್ಕಿನ ಬಗ್ಗೆ ಸುಮಾರು ಜನ ಕೇಳ್ತಾರೆ. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ, ಗಂಭೀರ ಅಪಾಯ ಇದೆ ಅಂತ ನಂಬೋಕೆ ಸರಿಯಾದ ಕಾರಣ ಇದ್ರೆ ಆ ಜಾಗ ಬಿಟ್ಟು ಬರಬಹುದು, ಅದಕ್ಕೆ ಶಿಕ್ಷೆ ಕೊಡಬಾರ್ದು ಅಂತ ಅದೇ ಒಪ್ಪಂದ ಹೇಳುತ್ತೆ. ಆದ್ರೆ ಸಿಟ್ಟಲ್ಲಿ ಬ್ಯಾಗ್ ಎತ್ಕೊಂಡು ಮನೆಗೆ ಹೋದ್ರೆ ರಿಜಿಸ್ಟರಲ್ಲಿ ಬರೋದು ಗೈರುಹಾಜರಿ ಅಂತಷ್ಟೇ. ತಕ್ಷಣ ಸೂಪರ್‌ವೈಸರ್‌ಗೆ ತಿಳಿಸ್ಬೇಕು, ಯಾವ ಕೆಲಸ, ಏನು ಅಪಾಯ ಅಂತ ಒಂದು ಮೆಸೇಜಾದ್ರೂ ಹಾಕಿ, ಬೇರೆ ಕೆಲಸ ಕೊಟ್ರೆ ಮಾಡ್ತೀನಿ ಅಂತನೂ ಸೇರ್ಸಿ. ಅದ್ರ ಮೇಲೆ ನಿಮ್ಮ ದೇಶದ ಕಾನೂನು ಎಷ್ಟು ರಕ್ಷಣೆ ಕೊಡುತ್ತೆ ಅಂತ ಮೊದ್ಲೇ ನೋಡ್ಕೊಂಡಿರಿ, ಯಾಕಂದ್ರೆ ಎಲ್ಲಾ ದೇಶ 155ಕ್ಕೆ ಸಹಿ ಹಾಕಿಲ್ಲ. 2022ರ ಜೂನಲ್ಲಿ ಐಎಲ್‌ಓ ಸುರಕ್ಷಿತ ಕೆಲಸದ ಜಾಗನ ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸ್ತು, ಸಹಿ ಹಾಕದ ಸದಸ್ಯ ದೇಶಗಳೂ ಆ ತತ್ವನ ಗೌರವಿಸ್ಬೇಕು.

ಸಂಬಳ ಸಹಿತ ರಜೆ ಬಂದ ಮೇಲೆ ಜ್ವರ ಅಂತ ಹೇಳೋರು ಜಾಸ್ತಿ ಆದ್ರು, "ಇವರಿಗೆಲ್ಲ ಈಗ್ಲೇ ಜ್ವರ ಬರುತ್ತಾ" ಅಂತ ಆಫೀಸಲ್ಲಿ ಗೊಣಗಾಟ. 2023ರ ಮೇ ತಿಂಗಳಲ್ಲಿ ಡಬ್ಲ್ಯುಎಚ್‌ಓ ತುರ್ತುಸ್ಥಿತಿ ಮುಗೀತು ಅಂದಿದ್ದೇ ತಡ ಆ ರಜೆ ತೆಗ್ದೇ ಬಿಟ್ರು. ಫ್ಯಾನ್ ಉಳ್ಕೊಂಡಿದೆ, ರಜೆ ವಿಷ್ಯನ ಮತ್ತೆ ಸೇಫ್ಟಿ ಕಮಿಟಿ ಮುಂದೆ ಇಟ್ಟಿದೀವಿ, ಈ ಸಲ ಫ್ಲೂನೂ ಸೇರಿಸಿ.