80ಕ್ಕೆ ಹನ್ನೆರಡು ಬಂತು, 105 ಮಾತ್ರ ಏಳಲಿಲ್ಲ: ಬೆಂಚ್ ಪ್ರಾಜೆಕ್ಟ್, 14ನೇ ವಾರ

ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ಎದೆಯಿಂದ ಬಾರ್ ಎತ್ತುವುದು. ಅಂತೂ ಬಾರ್ ಎದ್ದಿತು. ಪ್ಲೇಟಿನ ಮೇಲಿನ ಅಚ್ಚಿನ ಪ್ರಕಾರ 107.5 ಕಿಲೊ, ಗಂಗಾವತಿಯ ಅಕ್ಕಿ ಮಿಲ್ಲಿನ ತಕ್ಕಡಿ ಪ್ರಕಾರ 106.3. ಈ ಎರಡು ಲೆಕ್ಕಗಳ ಜಗಳ ಈ ಸಲದ ವರದಿಯ ಅರ್ಧ. ಇನ್ನರ್ಧ, ಮೈ ಬೆಳೆಸುವ ಸೆಟ್ಟಿನಿಂದ ಬಲದ ಲೆಕ್ಕ ಹಾಕಲು ಹೋಗಿ ಮುಗ್ಗರಿಸಿದ ಕಥೆ.

ಮೊದಲ ಎಂಟು ವಾರದಲ್ಲಿ ಹೊಸದೇನೂ ಇಲ್ಲ. ವಾರಕ್ಕೆ ಎದೆಗೆ 16 ಸೆಟ್: ಬೆಂಚ್ ಎರಡು ದಿನ, ದಿನಕ್ಕೆ ನಾಲ್ಕು ಸೆಟ್, 10ರಿಂದ 12 ರೆಪ್ (ಒಮ್ಮೆ ಇಳಿಸಿ ಎತ್ತಿದರೆ ಒಂದು ರೆಪ್, ಬಿಡುವಿಲ್ಲದೆ ಎತ್ತಿದ್ದೆಲ್ಲ ಸೇರಿ ಒಂದು ಸೆಟ್), ಉಳಿದದ್ದು ಓರೆ ಬೆಂಚಿನ ಮೇಲೆ ಇನ್‌ಕ್ಲೈನ್ ಡಂಬೆಲ್ ಮತ್ತು ಕೈ ಚಾಚಿ ಡಂಬೆಲ್ ಕೂಡಿಸುವ ಫ್ಲೈ. ಇನ್ನೊಂದೆರಡು ರೆಪ್ ಆಗಬಹುದು ಅನ್ನುವಾಗಲೇ ಬಾರ್ ಇಡುವುದು, ನಡುವೆ 90 ಸೆಕೆಂಡ್. 76 ಕಿಲೊ ದೇಹಕ್ಕೆ, ಕಿಲೊಗೆ 1.6ರಂತೆ, ದಿನಕ್ಕೆ ಸುಮಾರು 120 ಗ್ರಾಂ ಪ್ರೋಟೀನ್. ಮಂಡಾಳು ಒಗ್ಗರಣೆ, ಮಿರ್ಚಿ ತಿಂದರೆ ಅದು ತುಂಬುವುದಿಲ್ಲ. ಅದಕ್ಕೆ ಮೊಟ್ಟೆ, ಶೇಂಗಾ, ಮೊಸರು. ಎಂಟು ವಾರಕ್ಕೆ ಎದೆ ಸುತ್ತಳತೆ 2 ಸೆಂ.ಮೀ. ಹೆಚ್ಚಿತು. 80 ಕಿಲೊಗೆ 8 ಇದ್ದ ರೆಪ್ 12ಕ್ಕೆ ಏರಿತು.

ಎಡವಿದ್ದು ಇಲ್ಲಿಂದ. ರೆಪ್ ಎಣಿಸಿ, ಒಂದೇ ಸಲ ಎತ್ತಬಹುದಾದ ಗರಿಷ್ಠ ತೂಕ ಅಂದಾಜಿಸುವ ಎಪ್ಲಿ ಸೂತ್ರ ಎಲ್ಲರಿಗೂ ಬಾಯಿಪಾಠ: ತೂಕ × (1 + ರೆಪ್ ÷ 30). 80ಕ್ಕೆ 12 ಅಂದರೆ 112. ಹಾಗಿದ್ದರೆ 105 ಎಡಗೈ ಕೆಲಸ ಅಂತ ಒಂಬತ್ತನೇ ವಾರ ಬಾರ್ ಏರಿಸಿದರೆ, ಎದೆಯಿಂದ ನಾಲ್ಕು ಬೆರಳು ಮೇಲೆ ಬಂದು ನಿಂತೇಬಿಟ್ಟಿತು. ಅದೂ ಎಡಕ್ಕೆ ಜೋತು. ನಾಲ್ಕು ದಿನ ಬಿಟ್ಟು ಮತ್ತೆ ನೋಡಿದರೂ ಅದೇ ಜಾಗ, ಅದೇ ಜೋಲು.

ಮೊದಲು ಬೈಸಿಕೊಂಡದ್ದು ಎಡಗೈ. ಅದಕ್ಕೆಂದು ಒಂಟಿ ಡಂಬೆಲ್ ಸೆಟ್ಟುಗಳ ಪಟ್ಟಿಯೂ ತಯಾರಾಯಿತು. ಆಮೇಲೆ ಎಡಬಲದ ಪ್ಲೇಟುಗಳನ್ನು ಅದಲುಬದಲು ಮಾಡಿ ನೋಡಿದರೆ ಬಾರ್ ಬಲಕ್ಕೆ ಜೋತಿತು. ಕೈಯದೇ ದೋಷವಾಗಿದ್ದರೆ ಜೋಲು ಎಡಗಡೆಯೇ ಉಳಿಯಬೇಕಿತ್ತು. ಬಾರ್ ಜೋಲುವವರು ಡಂಬೆಲ್ ಪಟ್ಟಿ ಬರೆಯುವ ಮೊದಲು ಈ ಪರೀಕ್ಷೆ ಮಾಡಿ, ಎರಡು ನಿಮಿಷದ ಕೆಲಸ.

ಮಿಲ್ಲಿನ ಪ್ಲಾಟ್‌ಫಾರ್ಮ್ ತಕ್ಕಡಿ 50 ಗ್ರಾಂ ಹಂತದಲ್ಲಿ ತೋರಿಸುತ್ತದೆ. 20 ಎಂದು ಅಚ್ಚು ಒತ್ತಿದ ನಾಲ್ಕು ಪ್ಲೇಟುಗಳ ಅಸಲಿ ತೂಕ: 20.7, 20.4, 19.1, 19.3. 2.5ರ ಜೋಡಿ: 2.6 ಮತ್ತು 2.3. 20ರ ಬಾರ್ 19.4. 1.25ರ ಜೋಡಿ ಮಾತ್ರ ಸರಿಯಾಗಿತ್ತು, ಬಹುಶಃ ಕೈತಪ್ಪಿ. ಒಟ್ಟಿನಲ್ಲಿ ಕೊರತೆ ಕಿಲೊದಷ್ಟೇ. 105 ಅಂದುಕೊಂಡಿದ್ದು 103.8. ಕೆಟ್ಟದ್ದು ಹಂಚಿಕೆ. ಭಾರದ ಎರಡೂ ಎಡಕ್ಕೆ ಕೂತು 41.1 ಆದರೆ ಬಲಕ್ಕೆ 38.4. ನಡುವೆ 2.7 ಕಿಲೊ ವ್ಯತ್ಯಾಸ!

ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ನಿಯಮದಲ್ಲಿ 20 ಕಿಲೊ ಪ್ಲೇಟು 50 ಗ್ರಾಂ ಆಚೀಚೆ ಇದ್ದರೆ ನಡೆಯುತ್ತದೆ, ಅಷ್ಟೇ. ಕಿಲೊ ಲೆಕ್ಕದಲ್ಲಿ ರೊಕ್ಕ ಎಣಿಸಿಕೊಂಡ ಪ್ಲೇಟಿನವನಿಗೆ ಫೋನ್ ಮಾಡಿದರೆ, "ಎರಕದ ಮಾಲು ರೀ, ಒಂದೀಟು ಹೆಚ್ಚುಕಡಿಮಿ ಇರ್ತಾವು. ಹೆಚ್ಚಿದ್ದಕ್ಕ ರೊಕ್ಕ ಕೇಳೀನೇನು?" ಸೋನಾ ಮಸೂರಿಯ 25 ಕಿಲೊ ಚೀಲದಲ್ಲಿ 100 ಗ್ರಾಂ ಕಡಿಮೆ ಬಂದರೆ ಜಗಳಕ್ಕೆ ಇಳಿಯುವ ಊರು ಇದು. ಕಬ್ಬಿಣವನ್ನು ಮಾತ್ರ ಯಾರೂ ತೂಗಿ ನೋಡುವುದಿಲ್ಲ.

ಪರಿಹಾರಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. 20.7ರ ಜೊತೆ 19.1 ಸೇರಿಸಿದರೆ 39.8, 20.4ರ ಜೊತೆ 19.3 ಸೇರಿಸಿದರೆ 39.7. ಒಂದು ಜೋಡಿಗೆ ಕೆಂಪು ಪೇಂಟಿನ ಚುಕ್ಕೆ, ಇನ್ನೊಂದಕ್ಕೆ ಹಳದಿ. 2.3ರ ಚಿಕ್ಕ ಪ್ಲೇಟು ಯಾವಾಗಲೂ ಕೆಂಪು ಕಡೆಗೆ.

ಎಂಟು ವಾರ ಇದು ಕಣ್ಣಿಗೆ ಬೀಳದೇ ಹೋದದ್ದು ಹೇಗೆ? ಮೈ ಬೆಳೆಸುವ ಸೆಟ್ಟಿಗೆ ತೂಕ ಕರಾರುವಾಕ್ಕಾಗಿ ಇರಬೇಕಿಲ್ಲ. ಸೋಲುವ ಹತ್ತಿರಕ್ಕೆ ಹೋದರೆ 6 ರೆಪ್‌ನಲ್ಲೂ 25 ರೆಪ್‌ನಲ್ಲೂ ಸ್ನಾಯು ಹೆಚ್ಚೂಕಡಿಮೆ ಒಂದೇ ರೀತಿ ಬೆಳೆಯುತ್ತದೆ. ಕಿಲೊ ಏರುಪೇರಾದರೆ ಒಂದು ರೆಪ್ ಏರುಪೇರು, ಮುಗಿಯಿತು. ಒಂದೇ ಸಲ ಎತ್ತುವ ತೂಕದಲ್ಲಿ 2.5 ಕಿಲೊ ಅಂದರೆ ಎರಡು ಮೂರು ವಾರದ ದುಡಿಮೆ.

ಪ್ಲೇಟು ಜೋಡಿಸಿದ ಮೇಲೂ 105 ಏಳಲಿಲ್ಲ, ನೆಟ್ಟಗೆ ನಿಂತು ಸೋತಿತು. ಈಗ ನಿಜವಾದ ಸಮಸ್ಯೆ. ಎಪ್ಲಿ ಸೂತ್ರ ಐದಾರು ರೆಪ್‌ವರೆಗೆ ನಂಬಿಕಸ್ಥ, ಹತ್ತು ದಾಟಿದರೆ ಹೊಗಳುಭಟ್ಟ. 12 ರೆಪ್ ಹೊಡೆಯುವುದನ್ನೇ ಎಂಟು ವಾರ ಕಲಿಸಿದರೆ ದೇಹ ಉರಿ ತಡೆಯುವುದನ್ನೇ ಕಲಿಯುತ್ತದೆ. ಹಗುರ ತೂಕದಲ್ಲಿ ದೊಡ್ಡ ನಾರುಗಳು ಸೆಟ್ಟಿನ ಕೊನೆಗೆ, ಸಣ್ಣವು ಸುಸ್ತಾದ ಮೇಲೆ ಕೆಲಸಕ್ಕೆ ಇಳಿಯುತ್ತವೆ. ಭಾರೀ ತೂಕದಲ್ಲಿ ಮೊದಲ ರೆಪ್‌ಗೇ ಎಲ್ಲವೂ ಒಟ್ಟಿಗೆ ಹೂಡಬೇಕು. ಆ ಅಭ್ಯಾಸವೇ ನರಗಳಿಗೆ ಆಗಿರಲಿಲ್ಲ. ಬಾರ್ ಹೋಗುವ ದಾರಿಯೂ ಕೆಟ್ಟಿತ್ತು: ಎದೆಯ ಕೆಳಭಾಗ ಮುಟ್ಟಿ, ಹಿಂದಕ್ಕೆ ಬಾಗುತ್ತಾ ಭುಜದ ನೇರಕ್ಕೆ ಬರುವ ಬದಲು, ಸುಸ್ತಿನ ರೆಪ್‌ಗಳಲ್ಲಿ ಮೊಣಕೈ ಅಗಲಿಸಿ ಗೋಡೆಯಂತೆ ನೆಟ್ಟಗೆ ಏರಿಸುವುದು ರೂಢಿಯಾಗಿತ್ತು. ಎದೆಗೆ ತಾಗಿಸಿ ಪುಟಿಸುವ ಚಾಳಿ ಬೇರೆ. ಪರೀಕ್ಷೆಯಲ್ಲಿ ಬಾರ್ ಎದೆಯ ಮೇಲೆ ನಿಲ್ಲಿಸಬೇಕು, ಆ ಪುಟಿತ ಅಲ್ಲಿಗೇ ಸಾಯುತ್ತದೆ. ಎಲ್ಲಕ್ಕಿಂತ ಪೆದ್ದು ತಪ್ಪು: 16 ಸೆಟ್ಟಿನ ವಾರ ಮುಗಿದ ಮೂರನೇ ದಿನವೇ ಪರೀಕ್ಷೆಗೆ ಮಲಗಿಸಿದ್ದು.

ಹತ್ತನೇ ವಾರದಿಂದ ಬದಲಾದದ್ದು. ಸೋಮವಾರ ಭಾರ, ಪ್ರತಿ ರೆಪ್‌ಗೂ ಎದೆಯ ಮೇಲೆ ಒಂದು ಸೆಕೆಂಡ್ ನಿಲುಗಡೆ, ಸೆಟ್ಟಿನ ನಡುವೆ 4 ನಿಮಿಷ. 80 ಕಿಲೊ 6 ಸೆಟ್ 3 ರೆಪ್. ಮುಂದಿನ ವಾರ 82.5, 5 ಸೆಟ್ 3 ರೆಪ್, ಆಮೇಲೆ 87.5, 5 ಸೆಟ್ 2 ರೆಪ್. ನಾಲ್ಕನೇ ವಾರ 90, 4 ಸೆಟ್ 2 ರೆಪ್, ಕೊನೆಗೆ 95ಕ್ಕೆ ಒಂದೇ ಒಂದು. ಸೋವಿಯತ್ ಕೋಚ್ ಪ್ರಿಲೆಪಿನ್ ಕೋಷ್ಟಕ ಗರಿಷ್ಠ ತೂಕದ ಶೇ. 80–90ಕ್ಕೆ ಹೇಳುವುದು ಒಂದು ದಿನಕ್ಕೆ ಒಟ್ಟು 15 ರೆಪ್. ಅದು ಒಲಿಂಪಿಕ್ ಲಿಫ್ಟಿಗೆ ಮಾಡಿದ್ದಾದರೂ ಬೆಂಚಿಗೆ ಬೇಲಿಯಾಗಿ ಸಾಕು. ಗುರುವಾರ 70 ಕಿಲೊ 3 ಸೆಟ್ 8 ರೆಪ್, ಒಂದೆರಡು ಸೆಟ್ ಕೈ ಹತ್ತಿರ ಹಿಡಿದು ಎತ್ತುವ ಕ್ಲೋಸ್ ಗ್ರಿಪ್. ಫ್ಲೈ ರದ್ದು. ಐದನೇ ವಾರ ಸೆಟ್ ಅರ್ಧಕ್ಕೆ ಇಳಿಸಿ, ಮೂರು ದಿನ ಪೂರ್ತಿ ಬಿಡುವು ಕೊಟ್ಟು ಪರೀಕ್ಷೆ.

ನಾಲ್ಕು ನಿಮಿಷದ ಬಿಡುವು ಹೇಳಿದಷ್ಟು ಸುಲಭವಲ್ಲ. ಎರಡನೇ ನಿಮಿಷಕ್ಕೇ "ಇನ್ನೂ ಕುಂತೀರೇನ್ರೀ" ಅನ್ನುವವರು ಬರುತ್ತಾರೆ. ಸೆಕೆ ಬೇರೆ, ಇಲ್ಲಿಯ ಮೇ ತಿಂಗಳಿಗೆ ಬೆಳಿಗ್ಗೆ ಐದೂವರೆ ದಾಟಿದರೆ ತಗಡಿನ ಶೆಡ್ಡು ಕಾದ ಹಂಚು, ಅಂಗೈ ಒದ್ದೆ. ಕೈ ಜಾರದಿರಲೆಂದು ತರಿಸಿದ ಚಾಕ್ ಪುಡಿ ಇನ್ನಷ್ಟು ಜಾರಿಸಿತು. ಒಂದು ಚಿಟಿಕೆಗೆ ನಿಂಬೆರಸ ಹಿಂಡಿದರೆ ಗುಳ್ಳೆಯೇ ಬರಲಿಲ್ಲ, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಅಲ್ಲ, ಬೋರ್ಡಿನ ಮೇಲೆ ಬರೆಯುವ ಜಿಪ್ಸಂ.

ಫಲ: 107.5, ನಿಲುಗಡೆ ಸಮೇತ. ಎದೆ ಅಳತೆ ಐದು ವಾರದಲ್ಲಿ ಕೂದಲೆಳೆಯಷ್ಟೂ ಕದಲಿಲ್ಲ. 80ಕ್ಕೆ 12 ಇದ್ದದ್ದು 11ಕ್ಕೆ ಇಳಿಯಿತು. ಸೂತ್ರದ ಪ್ರಕಾರ ಬಲ ಕುಂದಿದೆ!

ಮುಂದಿನದು ಬೆಂಚಲ್ಲ, ನೆಲದಿಂದ ಎತ್ತುವ ಭಾರದ ಗುಂಡು. ಕೃಷ್ಣದೇವರಾಯ ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು, ಮೈಗೂ ಬಳಿದುಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಲ್ಲಿ ಎತ್ತುತ್ತಿದ್ದ ಎಂದು 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್ ಬರೆದಿದ್ದಾನೆ; ಸೆಟ್, ರೆಪ್ ಬರೆಯುವ ಪುಣ್ಯ ಕಟ್ಟಿಕೊಳ್ಳಲಿಲ್ಲ. ನಮ್ಮದು ಕಾಂಕ್ರೀಟು: 100 ಕಿಲೊ ಬೇಕಾದರೆ ಸುಮಾರು 41.7 ಲೀಟರ್, ಅಂದರೆ 43 ಸೆಂ.ಮೀ. ವ್ಯಾಸ. ಗ್ರಾನೈಟ್‌ನಲ್ಲಿ ಕಡೆಸಿದರೆ ಅದೇ ತೂಕಕ್ಕೆ 41 ಸಾಕು, ಆದರೆ ಕೂಲಿ ಕೇಳಿದರೆ ಎದೆ ಒಡೆಯುತ್ತದೆ. ತೊಡಕು ಏನೆಂದರೆ ಗುಂಡಿಗೆ 1.25ರ ಪ್ಲೇಟು ಸಿಕ್ಕಿಸಲು ಬರುವುದಿಲ್ಲ. 80, 90, 100 ಮೂರು ಬೇರೆ ಬೇರೆ ಎರಕ ಹೊಯ್ಯಬೇಕು. 80ರ ಅಚ್ಚಿಗೆ 40 ಸೆಂ.ಮೀ. ಒಳವ್ಯಾಸದ ಎರಡು ಅರೆಗೋಳ ಹುಡುಕಾಟ ನಡೆದಿದೆ. ಎರಕವಾದ ಮೇಲೆ 28 ದಿನ ಒದ್ದೆ ಗೋಣಿಚೀಲ ಸುತ್ತಿ ಇಡುವುದು, ಆಮೇಲೆ ಮತ್ತೆ ಅದೇ ಮಿಲ್ಲಿನ ತಕ್ಕಡಿ.