ಎಡಗಾಲಿನ ಕಿರ್ ಕಿರ್ ಕೊನೆಗೂ ನಿಂತೋಯ್ತು

ನಾನು ಕೈ ಹಾಕಿದ ಐದನೇ ಜೊತೆ ಶೂ, ಲೇಸ್ ಕಟ್ಟೋ ಕಪ್ಪು ಆಕ್ಸ್‌ಫರ್ಡ್. ಎರಡು ತಿಂಗಳಿಂದ ತಲೆ ತಿಂತಿದ್ದ ಸದ್ದು ಇವತ್ತು ಹೋಯ್ತು, ಅದಕ್ಕೇ ಈ ಖುಷೀಲಿ ಬರೀತಿದೀನಿ.

ಬಂಗಾರಪೇಟೇಲಿ ಟ್ರೈನ್ ಹತ್ತಿ ತಮಿಳುನಾಡಿನ ಆಂಬೂರಿಗೆ ಹೋಗಿ ಎಕ್ಸ್‌ಪೋರ್ಟ್ ಸರ್ಪ್ಲಸ್ ಅಂಗಡೀಲಿ 2,200 ರೂಪಾಯಿಗೆ ತಂದಿದ್ದು, ಗುಡ್‌ಇಯರ್ ವೆಲ್ಟ್ (ಸೋಲನ್ನ ಅಂಚಿನ ಪಟ್ಟಿಗೆ ಹೊಲಿದಿರೋದು), ಲೆದರ್ ಸೋಲ್, ಆ ದುಡ್ಡಿಗೆ ಕೋಲಾರದಲ್ಲಿ ಬರೀ ಅಂಟು ಹಾಕಿದ ಸೋಲೇ ಸಿಗೋದು. ಪಾಲಿಶ್, ಆಕಾರ ಕೆಡದ ಹಾಗೆ ಒಳಗಿಡೋ ಶೂ ಟ್ರೀ ಎಲ್ಲಾ ಮಾಮೂಲಿ, ಬಿಡಿ. ಮೊದಲ ಸಲ ಹಾಕ್ಕೊಂಡು ಮದುವೆಗೆ ಹೋದ್ರೆ ಛತ್ರದ ಗ್ರಾನೈಟ್ ಮೇಲೆ ಹೆಜ್ಜೆಹೆಜ್ಜೆಗೂ ಕಿರ್ ಅನ್ನುತ್ತೆ, ಗಟ್ಟಿಮೇಳ ಶುರುವಾದ್ಮೇಲೇ ಅಕ್ಷತೆ ಹಾಕೋಕೆ ಮುಂದೆ ಹೋದೆ.

ಲೇಸ್ ಕೆಳಗಿನ ಶೂ ನಾಲಿಗೆ ಉಜ್ಜುತ್ತೇನೋ ಅಂತ ಪೌಡರ್ ಹಾಕಿದೆ, ಇಲ್ಲ. ಇನ್‌ಸೋಲ್ ಅಂಚಿಗೂ ಹಾಕಿದೆ, ಇಲ್ಲ. ಮುಂಗಾಲು ಮಡಚೋ ಜಾಗದಲ್ಲಿ ಕೈಯಲ್ಲಿ ಬಗ್ಗಿಸಿದ್ರೂ ಸದ್ದಿಲ್ಲ. ಒಂದಿನ ಒಳಗೆ ಹೆಬ್ಬೆರಳಿಟ್ಟು ಪಾದದ ಕಮಾನಿನ ಹತ್ರ ಒತ್ತಿದೆ ನೋಡಿ, ಕಿರ್! ಶ್ಯಾಂಕ್, ಅಂದ್ರೆ ಸೋಲ್ ಒಳಗೆ ಕಮಾನಿಗೆ ಆಸರೆ ಕೊಡೋ ಸ್ಟೀಲ್ ಪಟ್ಟಿ.

ಹಳೇ ಬಸ್‌ಸ್ಟ್ಯಾಂಡ್ ಹತ್ರ ಶೂ ರಿಪೇರಿ ಮಾಡೋ ತಾತನ ಹತ್ರ ಹೋದೆ. "ಗುಡ್‌ಇಯರ್ ಅಂದ್ರೆ ಟೈರಿಂದೇನಪ್ಪಾ?" ಅಂದ್ರು. ಅಲ್ಲ ತಾತ, ರಬ್ಬರ್ ಗಟ್ಟಿ ಮಾಡೋದಕ್ಕೆ 1844ರಲ್ಲಿ ಪೇಟೆಂಟ್ ತಗೊಂಡ ಚಾರ್ಲ್ಸ್ ಗುಡ್‌ಇಯರ್ ಅಂತ ಒಬ್ರಿದ್ರು, ಅವರ ಮಗ ಈ ಹೊಲಿಗೆ ಮೆಷಿನ್ ತಂದಿದ್ದು ಅಂದೆ. ಸೋಲನ್ನ ವೆಲ್ಟ್ ಪಟ್ಟಿಗೆ ಹೊಲಿದಿರೋದ್ರಿಂದ ಮೇಲಿನ ಚರ್ಮ ಮುಟ್ಟದೇ ಬಿಚ್ಚಬಹುದು, ನಾನು ಹಟ ಹಿಡಿದು ವೆಲ್ಟೇ ಹುಡುಕೋದು ಇದಕ್ಕೇ.

ಮೊದಲು ಹೀಲ್ ತೆಗೆದ್ರು, ಆಮೇಲೆ ರಂಪಿಗೆ ತುದೀಲಿ ಒಂದೊಂದೇ ಹೊಲಿಗೆ ಕುಯ್ದು ಸೋಲ್ ಎತ್ತಿದ್ರು. ಒಳಗೆ ಅಂಟು ಒಣಗಿ ಹಪ್ಪಳ ಆಗಿದೆ, ಸ್ಟೀಲ್ ಪಟ್ಟಿ ಒಂದ್ಕಡೆ ತುಕ್ಕು ಹಿಡಿದು ಅಲ್ಲಾಡ್ತಿದೆ. ತುಕ್ಕು ಉಜ್ಜಿ, ಎರಡೂ ಕಡೆ ಸೊಲ್ಯೂಷನ್ ಹಚ್ಚಿ, ಬೆರಳಿಗೆ ಅಂಟಿಕೊಳ್ಳೋ ಹದಕ್ಕೆ ಬರೋವರೆಗೂ ಬಿಟ್ಟು, ಕೂರಿಸಿ, ಮೇಲೆ ತೆಳ್ಳಗಿನ ಚರ್ಮ.

ಸೋಲ್ ಒಳಗೆ ತುಂಬಿದ್ದ ಕಾರ್ಕ್ ಪುಡಿಪುಡಿಯಾಗಿತ್ತು. ಅದಕ್ಕೆ ಅಲೆದಿದ್ದು ಹೇಳೋಕಾಗಲ್ಲ, ಬೆಂಗಳೂರಿನ ಒಬ್ಬ ಸಪ್ಲೈಯರ್ ಪೂರ್ತಿ ರೋಲ್ ತಗೊಂಡ್ರೇ ಕೊಡ್ತೀನಿ ಅಂತಾನೆ, ಇನ್ನೊಬ್ಬ ಅಡ್ವಾನ್ಸ್ ತಗೊಂಡು ಹತ್ತು ದಿನ ಫೋನೇ ಎತ್ತಲಿಲ್ಲ, ಇರೋದು ಒಂದು ಪಾದದಷ್ಟು ಕೆಲಸ! ಕೊನೆಗೆ ಡೂಂಲೈಟ್ ಸರ್ಕಲ್ ಹತ್ರ ಸ್ಟೇಷನರಿ ಅಂಗಡೀಲಿ ನೋಟಿಸ್ ಬೋರ್ಡಿಗೆ ಹಾಕೋ ಶೀಟ್ ಸಿಕ್ತು, ಚೆನ್ನಾಗೇ ಕೂತ್ಕೊಂತು.

ಅದೇ ಅಂಗಡಿ ಮುಂದೆ ನಿಂತಾಗ್ಲೇ ಆರನೇ ಜೊತೆ ತಲೇಲಿ ಬಂತು. ಮನೇಲಿರೋ ಟ್ಯಾನ್ ಡರ್ಬಿ ಶೂ ಬಣ್ಣ ತೆಗೆದು ಕೋಕಂ ಹಣ್ಣಿನ ಕೆಂಪು ಹಾಕಬೇಕು, ಅಸಿಟೋನ್ ಆಗ್ಲೇ ತಂದಿಟ್ಟಿದೀನಿ.

ಮತ್ತೆ ಹೊಲಿಯುವಾಗ ತಾತ ದಬ್ಬಳಾನ ವೆಲ್ಟಿನ ಹಳೇ ತೂತುಗಳಲ್ಲೇ ಹಾಕಿದ್ರು, ಹೊಸ ತೂತು ಹಾಕಿದ್ರೆ ಪಟ್ಟಿ ಸ್ಟಾಂಪ್ ಹಾಳೆ ಥರ ಹರಿಯುತ್ತೆ ಅಂತ. ಮೇಣ ತಿಕ್ಕಿದ ದಾರ, ಎರಡು ಸೂಜಿ, ಒಂದೂವರೆ ಗಂಟೆ. ಹಾಕ್ಕೊಂಡು ಅಂಗಡಿ ಮುಂದೇನೇ ಆ ಕಡೆ ಈ ಕಡೆ ನಡೆದೆ, ಸದ್ದೇ ಇಲ್ಲ.

ಬಲಗಾಲಿಂದೂ ಬಿಚ್ಚೋಣ್ವಾ ತಾತ ಅಂದೆ. ಒಳಗೆ ಹೆಬ್ಬೆರಳಿಟ್ಟು ಒತ್ತಿ ನೋಡಿ, "ಇದು ಸುಮ್ನಿದೆ ಕಣಪ್ಪಾ, ಮುಟ್ಬೇಡ" ಅಂದ್ರು.