ಪಾಪ, ಅವಳನ್ನೂ ಸ್ವಲ್ಪ ಆಡಿಸಿ ಮೇಡಂ

ವಾರಕ್ಕೆ ಕಡಿಮೆ ಅಂದರೂ ಮೂರು ಸಲ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ನಾನು ಮೈಸೂರಿನಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹದಿನಾರು ವರ್ಷದೊಳಗಿನವರ ತಂಡ. ಸಂಜೆ ಪ್ರಾಕ್ಟೀಸ್ ಮುಗಿಸಿ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿರುವಾಗ ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ ಬರುತ್ತಾರೆ. ತಂಡಕ್ಕೆ ಹೊಸದಾಗಿ ಬಂದ ಒಬ್ಬಳು ಹುಡುಗಿ ಇದ್ದಾಳೆ. ಒಳ್ಳೆ ಉದ್ದ ಇದ್ದಾಳೆ, ಆಟ ಇನ್ನೂ ಕೈಗೆ ಹತ್ತಿಲ್ಲ. ಅವಳನ್ನು ಇನ್ನೂ ಜಾಸ್ತಿ ಹೊತ್ತು ಆಡಿಸಬಾರದಾ ಅಂತ ಪ್ರಶ್ನೆ. ಅವಳ ಅಮ್ಮ ಕೇಳಿದ್ದಾರೆ, ತಾತ ಕೇಳಿದ್ದಾರೆ, ಬೇರೆ ಹುಡುಗಿಯರ ಅಪ್ಪಂದಿರು ಕೇಳಿದ್ದಾರೆ. ಗೇಟಿನ ಹತ್ತಿರ ಚುರುಮುರಿ ಮಾಡುವವರೂ ಒಂದಿನ ಈರುಳ್ಳಿ ಹೆಚ್ಚುತ್ತಾ ಕೇಳಿದರು. ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಆ ‘ಪಾಪ’ ತೆಗೆಯಿರಿ.

ಅವಳಿಗೇನೂ ಆಗಿಲ್ಲ. ಊಟ ತಿಂಡಿ ಚೆನ್ನಾಗಿ ಮಾಡುತ್ತಾಳೆ, ಬೆಳಿಗ್ಗೆ ಐದೂವರೆಗೆ ನನಗಿಂತ ಮೊದಲು ಕೋರ್ಟಲ್ಲಿ ಇರುತ್ತಾಳೆ. ನೀವು ‘ಪಾಪ’ ಅಂದ ಕೂಡಲೇ ಆಟದ ಹೊತ್ತು ಗುಡಿಯ ಪ್ರಸಾದ ಆಗಿಬಿಡುತ್ತದೆ. ಕೈ ಚಾಚಿದವರಿಗೆಲ್ಲ ಒಂದೊಂದು ಚಮಚ. ಅವಳಿಗೂ ಅದು ಕೇಳಿಸುತ್ತದೆ, ಗೊತ್ತಾ? ಬೆಂಚು ಮತ್ತು ನೀವು ಕೂರುವ ಮೆಟ್ಟಿಲಿನ ನಡುವೆ ಇರುವುದು ನಾಲ್ಕು ಹೆಜ್ಜೆ. ಹದಿನಾಲ್ಕು ವರ್ಷದ ಹುಡುಗಿ ತನ್ನ ಬಗ್ಗೆ ಹತ್ತು ಜನ ‘ಪಾಪ’ ಅನ್ನುವುದನ್ನು ಕೇಳಿಸಿಕೊಂಡು ಕೋರ್ಟಿಗೆ ಇಳಿಯಬೇಕು.

ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ. ‘ಯೋಗ್ಯತೆ ಇದ್ದರೆ ಆಡ್ತಾಳೆ, ಇಲ್ಲದಿದ್ದರೆ ಕೂರಲಿ ಬಿಡಿ.’ ಇವರಿಗೆ ಆಟದ ಹೊತ್ತು ಅಂದರೆ ಸಂಬಳ. ದುಡಿದವರಿಗೆ ಮಾತ್ರ. ಸರಿ, ಆದರೆ ಹೊಸಬರು ದುಡಿಯುವುದು ಎಲ್ಲಿ? ಪ್ರಾಕ್ಟೀಸಲ್ಲಿ ಎಲ್ಲ ಸರಿಯಾಗಿ ಮಾಡುವ ಹುಡುಗಿ ಪಂದ್ಯದಲ್ಲಿ ಬೇರೆಯೇ ಮನುಷ್ಯಳಾಗುತ್ತಾಳೆ. ಸೀಟಿ, ಕೂಗಾಟ, ಮೈಮೇಲೆ ಬೀಳುವ ಎದುರಾಳಿ, ಶಾಟ್ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರ. ಇವನ್ನೆಲ್ಲ ನಾನು ಪ್ರಾಕ್ಟೀಸಲ್ಲಿ ತಂದುಕೊಡಲು ಆಗುವುದಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಮ್ಮ ಪಂದ್ಯ ಅಂದರೆ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಕೋರ್ಟಲ್ಲಿ ಐದು ಜನ. ಅಂದರೆ ನನ್ನ ಕೈಲಿ ಇರುವುದು 200 ನಿಮಿಷ. ತಂಡದಲ್ಲಿ 12 ಹುಡುಗಿಯರು. ಅಳೆದು ಸಮ ಹಂಚಿದರೆ ಒಬ್ಬೊಬ್ಬಳಿಗೆ ಹದಿನೇಳು ನಿಮಿಷವೂ ಬರುವುದಿಲ್ಲ. ಹೊಸಬಳಿಗೆ ಹತ್ತು ನಿಮಿಷ ಜಾಸ್ತಿ ಕೊಟ್ಟರೆ ಅದು ಆಕಾಶದಿಂದ ಇಳಿಯುವುದಿಲ್ಲ, ಇನ್ನೊಬ್ಬಳ ಪಾಲಿನಿಂದ ಹೋಗುತ್ತದೆ. ಆ ಇನ್ನೊಬ್ಬಳ ಅಮ್ಮನ ಹತ್ತಿರವೂ ಸ್ಕೂಟರ್ ಇದೆ.

ಬೆಳಗಿನ ಜಾವ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಅಪ್ಪಂದಿರು ಕೆಲವರು ಇದ್ದಾರೆ. ಅವರು ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಕೋಬಿ ಬ್ರಯಾಂಟ್ ಹೆಸರು ತೆಗೆಯುತ್ತಾರೆ. ‘ಕೋಬಿನೂ ಮೊದಲ ವರ್ಷ ಬೆಂಚಲ್ಲೇ ಇದ್ದ ಮೇಡಂ’ ಅಂತ ಒಬ್ಬರು. ‘ಅವನನ್ನ ಇನ್ನೂ ಜಾಸ್ತಿ ಆಡಿಸಬೇಕಿತ್ತು’ ಅಂತ ಇನ್ನೊಬ್ಬರು. ಇಬ್ಬರದ್ದೂ ನಿಜ ಅನ್ನಬಹುದು. 1996-97ರಲ್ಲಿ ಲೇಕರ್ಸ್ ಪರವಾಗಿ 71 ಪಂದ್ಯ ಆಡಿದ, ಪಂದ್ಯಕ್ಕೆ ಸರಾಸರಿ ಹದಿನೈದೂವರೆ ನಿಮಿಷ. ಆದರೆ ನನ್ನ ತಲೆಯಲ್ಲಿ ಉಳಿದಿರುವುದು ಆ ಸರಾಸರಿ ಅಲ್ಲ. 1997ರ ಮೇ 12ರ ರಾತ್ರಿ.

ಯೂಟಾ ಜಾಜ್ ವಿರುದ್ಧ, ಅವರದ್ದೇ ಊರಾದ ಸಾಲ್ಟ್ ಲೇಕ್ ಸಿಟಿಯಲ್ಲಿ, ಪ್ಲೇಆಫ್ ಸರಣಿಯ ಐದನೇ ಪಂದ್ಯ. ಸೋತರೆ ಲೇಕರ್ಸ್ ಮನೆಗೆ. ಲೇಕರ್ಸ್ ಆಟಗಾರ ರಾಬರ್ಟ್ ಹಾರಿಯನ್ನು ರೆಫರಿಗಳು ಆಚೆ ಹಾಕಿದ್ದರು. ಅದೇ ತಂಡದ ಶಕೀಲ್ ಒನೀಲ್ ಫೌಲ್‌ಗಳು ತುಂಬಿ ಹೊರಗೆ ಕೂತಿದ್ದ. ಸ್ಕೋರ್ ಸಮ. ಕೊನೆಯ ಶಾಟ್ ಹೊಡೆದದ್ದು ಹದಿನೆಂಟು ವರ್ಷದ ಕೋಬಿ. ಚೆಂಡು ರಿಂಗನ್ನೂ ಮುಟ್ಟಲಿಲ್ಲ. ಪಂದ್ಯ ಓವರ್‌ಟೈಮಿಗೆ ಹೋಯಿತು. ಅಲ್ಲಿ ಮತ್ತೆ ಮೂರು ಏರ್‌ಬಾಲ್, ಅಂದರೆ ರಿಂಗನ್ನೂ ಮುಟ್ಟದ ಶಾಟ್. ಸುತ್ತ ಕೂತ ಸಾವಿರಾರು ಜನ ಗಹಗಹಿಸಿ ನಗುತ್ತಿದ್ದರು. ಲೇಕರ್ಸ್ 98-93ರಲ್ಲಿ ಸೋತು ಆ ವರ್ಷದ ಆಟ ಮುಗಿಸಿತು.

ಈ ಕಥೆಯನ್ನು ಎಲ್ಲರೂ ಕೋಬಿಯ ಛಲದ ಕಥೆ ಅಂತ ಹೇಳುತ್ತಾರೆ. ನಾನು ಕೋಚು, ನನ್ನ ಕಣ್ಣು ಬೆಂಚಿನ ಕಡೆ ಹೋಗುತ್ತದೆ. ಕೋಚ್ ಡೆಲ್ ಹ್ಯಾರಿಸ್ ಅವನನ್ನು ಹೊರಗೆ ಕರೆಯಲಿಲ್ಲ. ಎರಡನೇದು ತಪ್ಪಿದ ಮೇಲೂ ಕರೆಯಲಿಲ್ಲ, ಮೂರನೇದು ತಪ್ಪಿದ ಮೇಲೂ ಇಲ್ಲ. ಕಳಿಸಲು ಬೇರೆ ಜನ ಜಾಸ್ತಿ ಇರಲಿಲ್ಲ ಅನ್ನುವುದೂ ನಿಜ. ಆದರೂ ನಾಲ್ಕನೇದನ್ನು ಹೊಡೆಯಲು ಆ ಹುಡುಗ ಕೋರ್ಟಿನ ಮೇಲೆ ಇದ್ದ. ಮುಂದಿನ ವರ್ಷ ಅವನ ಹೊತ್ತು ಪಂದ್ಯಕ್ಕೆ 26 ನಿಮಿಷಕ್ಕೆ ಏರಿತು.

ಇದರ ಪಕ್ಕದಲ್ಲಿ ಡಾರ್ಕೊ ಮಿಲಿಚಿಚ್‌ನನ್ನು ಇಟ್ಟು ನೋಡಿ. ಸರ್ಬಿಯಾದ ಹುಡುಗ, ಅವನಿಗೂ ಹದಿನೆಂಟೇ. 2003ರಲ್ಲಿ, ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ಡ್ರಾಫ್ಟಿನಲ್ಲಿ, ಡೆಟ್ರಾಯಿಟ್ ಪಿಸ್ಟನ್ಸ್ ಅವನನ್ನು ಎರಡನೇ ಆಯ್ಕೆಯಾಗಿ ತೆಗೆದುಕೊಂಡಿತು. ಮುಂದೆ ದೊಡ್ಡ ಹೆಸರು ಮಾಡಿದ ಕಾರ್ಮೆಲೊ ಆಂಥನಿ, ಕ್ರಿಸ್ ಬಾಶ್, ಡ್ವೇನ್ ವೇಡ್ ಮೂವರೂ ಅವನ ನಂತರ ಆಯ್ಕೆಯಾದವರು. ಪಿಸ್ಟನ್ಸ್ ಆಗ ಕಪ್ ಗೆಲ್ಲುವ ಹಾದಿಯಲ್ಲಿತ್ತು, 2004ರಲ್ಲಿ ಗೆದ್ದೂ ಗೆದ್ದಿತು. ಕೋಚ್ ಲ್ಯಾರಿ ಬ್ರೌನ್ ಹೊಸಬರ ತಪ್ಪಿಗೆ ಜಾಗ ಕೊಡುವವರಲ್ಲ. ಡಾರ್ಕೊ ಆ ವರ್ಷ 34 ಪಂದ್ಯಗಳಲ್ಲಿ ಆಡಿದ, ಸರಾಸರಿ ಐದು ನಿಮಿಷವೂ ಇಲ್ಲ. ಅದೂ ಪಂದ್ಯದ ಕಥೆ ಮುಗಿದ ಮೇಲೆ. ಗೆದ್ದ ಖುಷಿಗೆ ಹಚ್ಚುವ ಸಿಗಾರ್ ಅಂತ ಜನ ಅವನಿಗೆ ಅಡ್ಡಹೆಸರು ಇಟ್ಟಿದ್ದರು. ಅವನು ಮೇಲಿನ ವಾರ್ಮಪ್ ಅಂಗಿ ಬಿಚ್ಚಿ ಕೋರ್ಟಿಗೆ ಬಂದ ಅಂದರೆ ಪಂದ್ಯ ಗೆದ್ದಾಯಿತು ಅಂತ ಅರ್ಥ. ಆ ಹುಡುಗನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವನು ಬಂದಾಗಲೆಲ್ಲ ಚಪ್ಪಾಳೆ, ಆದರೆ ಅವನ ಆಟ ಯಾರಿಗೂ ಬೇಕಿಲ್ಲ. ನನಗಂತೂ ಅದಕ್ಕಿಂತ ಬೆಂಚೇ ವಾಸಿ ಅನಿಸುತ್ತದೆ. ಅವನು ಆಮೇಲೂ ದೊಡ್ಡ ಆಟಗಾರ ಆಗಲಿಲ್ಲ. ಆ ಐದು ನಿಮಿಷಗಳಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ತಂಡ ಇಪ್ಪತ್ತು ಪಾಯಿಂಟ್ ಮುಂದಿದ್ದಾಗ ‘ಈಗಲಾದರೂ ಅವಳನ್ನ ಕಳಿಸಿ ಮೇಡಂ’ ಅಂತ ಹಿಂದಿನಿಂದ ಕೂಗುತ್ತೀರಲ್ಲ, ಆಗ ನನಗೆ ಡಾರ್ಕೊ ನೆನಪಾಗುತ್ತಾನೆ.

2013ರಲ್ಲಿ ಮಿಲ್ವಾಕಿ ಬಕ್ಸ್ ತಂಡಕ್ಕೆ ಬಂದು ಮುಂದೆ ಎನ್‌ಬಿಎಯ ದೊಡ್ಡ ಆಟಗಾರನಾದ ಯಾನಿಸ್ ಅಂಟೆಟೊಕುಂಪೊ ಹೆಸರು ಹೇಳುವವರಿಗೆ ಒಂದೇ ಮಾತು. ಅವನಿಗೆ ಮೊದಲ ವರ್ಷವೇ 24 ನಿಮಿಷಕ್ಕಿಂತ ಜಾಸ್ತಿ ಸಿಕ್ಕಿತು, ಹೌದು. ಆ ವರ್ಷ ಮಿಲ್ವಾಕಿ ಗೆದ್ದದ್ದು 82ರಲ್ಲಿ 15 ಪಂದ್ಯ. ಕಳೆದುಕೊಳ್ಳುವುದಕ್ಕೆ ಏನೂ ಉಳಿದಿಲ್ಲದ ತಂಡಕ್ಕೆ ಹೊಸಬರನ್ನು ಆಡಿಸುವುದು ಸುಲಭ.

ಈಗ ನಮ್ಮ ಹುಡುಗಿಯ ವಿಷಯ. ಇವಳ ಕಥೆಯಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಇದೆಲ್ಲ ಬರೆದು ಪ್ರಯೋಜನವಿಲ್ಲ.

ಕಳೆದ ವರ್ಷ ಮಂಡ್ಯದಲ್ಲಿ ಒಂದು ಟೂರ್ನಿ. ಮೂರನೇ ಕ್ವಾರ್ಟರಿನಲ್ಲಿ ಅವಳನ್ನು ಕಳಿಸಿದೆ. ಬುಟ್ಟಿಯ ಹತ್ತಿರ ಚೆನ್ನಾಗಿ ಜಾಗ ಹಿಡಿದಳು, ಪಾಸ್ ಬಂತು, ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಉದ್ದ ಇರುವ ಹೊಸಬರೆಲ್ಲ ಮಾಡುವುದನ್ನೇ ಮಾಡಿದಳು. ಚೆಂಡನ್ನು ಸೊಂಟದಿಂದ ಕೆಳಗೆ ಇಳಿಸಿದಳು. ನಾನು ನೂರು ಸಲ ಹೇಳಿದ್ದೆ, ಚೆಂಡು ಗಲ್ಲದ ಹತ್ತಿರ ಇರಲಿ, ಮೊಣಕೈ ಆಚೆ ಚಾಚಿರಲಿ ಅಂತ. ಕೆಳಗೆ ಇಳಿದ ಚೆಂಡು ಗಿಡ್ಡ ಹುಡುಗಿಯರ ಪಾಲು. ಎದುರು ತಂಡದ ಗಾರ್ಡ್ ಪಟ್ ಅಂತ ಕಿತ್ತುಕೊಂಡು ಓಡಿದಳು. ಮುಂದಿನ ಸಲ ಇವಳು ಬುಟ್ಟಿಯ ಕೆಳಗೆ ನಿಂತೇ ಇದ್ದು ಮೂರು ಸೆಕೆಂಡಿನ ಸೀಟಿ ಊದಿಸಿಕೊಂಡಳು. ಅದರ ಹಿಂದೆಯೇ ಚೆಂಡು ಮತ್ತೆ ಕೆಳಗೆ ಇಳಿಯಿತು, ಮತ್ತೆ ಹೋಯಿತು.

ಆಗ ಅವಳು ಚೆಂಡಿನ ಕಡೆ ನೋಡಲಿಲ್ಲ. ತಿರುಗಿ ನನ್ನ ಕಡೆ ನೋಡಿದಳು. ಪೂರ್ತಿ ನಿಂತು, ಕೈ ಎರಡೂ ಇಳಿಬಿಟ್ಟು. ಅವಳು ನನ್ನನ್ನು ನೋಡುತ್ತಿದ್ದ ಹೊತ್ತಲ್ಲೇ ಆ ಕಡೆ ಅವರು ಓಡಿ ಹೋಗಿ ಬುಟ್ಟಿಯ ಹತ್ತಿರದಿಂದ ಲೇಅಪ್ ಹಾಕಿಯಾಗಿತ್ತು.

ಹೊರಗೆ ಕರೆದೆ. ಅವಳು ಒಳಗೆ ಹೋಗಿ ಮೂರು ನಿಮಿಷವೂ ಆಗಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ನಾನು ಏನೂ ಹೇಳಲಿಲ್ಲ.

ರಾತ್ರಿ ಸ್ಕೋರ್ ಶೀಟ್ ಹಿಡಿದು ಕೂತಾಗ ಅರ್ಥವಾಯಿತು. ಆ ತಿಂಗಳು ಪೂರ್ತಿ ನಾನು ಇದನ್ನೇ ಮಾಡಿದ್ದೆ. ತಪ್ಪು ಮಾಡಿದ ತಕ್ಷಣ ಹೊರಗೆ. ತಪ್ಪಾದರೆ ಮೊದಲು ಮೇಡಂ ಮುಖ ನೋಡಬೇಕು ಅಂತ ಅವಳಿಗೆ ಕಲಿಸಿದವಳು ನಾನೇ. ಅವಳಿಗೆ ಎಷ್ಟು ನಿಮಿಷ ಕೊಡುತ್ತೀರಿ ಅಂತ ನೀವೆಲ್ಲ ಕೇಳಿದ್ದೀರಿ. ಅವಳನ್ನು ಯಾವಾಗ ಹೊರಗೆ ಕರೆಯುತ್ತೀರಿ, ಕರೆದಾಗ ಏನು ಹೇಳುತ್ತೀರಿ ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಅವತ್ತು ನಾನು ತಲೆ ತಗ್ಗಿಸಬೇಕಿತ್ತು. ಈಗಲಾದರೂ ಅದನ್ನು ಕೇಳಿ. ಇಪ್ಪತ್ತು ನಿಮಿಷ ಆಡಿದರೂ ಪ್ರತಿ ಸಲ ಬೆಂಚಿನ ಕಡೆ ಕತ್ತು ತಿರುಗಿಸುವ ಹುಡುಗಿಗೆ ಆ ಇಪ್ಪತ್ತು ನಿಮಿಷ ಸುಮ್ನೆ ದಂಡ.

ಮುಂದಿನ ಪಂದ್ಯಕ್ಕೆ ಹೋಗುವಾಗ ಬಸ್ಸಲ್ಲಿ ಅವಳನ್ನು ಪಕ್ಕ ಕೂರಿಸಿಕೊಂಡು ಹೇಳಿದೆ. ‘ಎರಡನೇ ಕ್ವಾರ್ಟರ್ ಪೂರ್ತಿ ನಿಂದು. ಹತ್ತು ನಿಮಿಷ. ಏನೇ ಆದ್ರೂ ನಾನು ಹೊರಗೆ ಕರೆಯಲ್ಲ.’

‘ಬಾಲ್ ಹೋದ್ರೆ ಮೇಡಂ?’

‘ಹೋಗತ್ತೆ.’

‘ತುಂಬಾ ಸಲ ಹೋದ್ರೆ?’

‘ಹೋದಷ್ಟು ಸಲ ವಾಪಸ್ ಓಡು. ಅಷ್ಟೇ ಕೆಲಸ ನಿಂಗೆ ಇವತ್ತು.’

ಐದು ಸಲ ಹೋಯಿತು. ಆರು ಪಾಯಿಂಟ್ ಮುಂದಿದ್ದವರು ಮೂರು ಪಾಯಿಂಟ್ ಹಿಂದೆ ಬಿದ್ದೆವು. ಪಂದ್ಯವನ್ನೂ ಸೋತೆವು, ನಾಲ್ಕೇ ಪಾಯಿಂಟಿಗೆ. ಅವಳ ಲೆಕ್ಕದಲ್ಲಿ ನಾಲ್ಕು ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), ಒಂದು ಬುಟ್ಟಿ. ಐದನೇ ಸಲ ಚೆಂಡು ಹೋದಾಗ ಅವಳ ಕತ್ತು ಅರ್ಧ ಮಾತ್ರ ನನ್ನ ಕಡೆ ತಿರುಗಿತು. ನನಗೆ ಅಷ್ಟು ಸಾಕಿತ್ತು.

ಆದರೆ ಆ ಹತ್ತು ನಿಮಿಷ ಯಾರ ಪಾಲಿನದ್ದು? ತಂಡದ ಹಿರಿಯ ಹುಡುಗಿಯದ್ದು. ಈ ವಯಸ್ಸಿನ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಅವಳಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ. ವಾಪಸ್ ಬರುವಾಗ ಅವಳು ಕಿಟಕಿ ಪಕ್ಕ ಕೂತು ಮೈಸೂರು ಬರುವ ತನಕ ಒಂದು ಮಾತೂ ಆಡಲಿಲ್ಲ. ಕೆಳಗಿಳಿದ ಮೇಲೆ ‘ನಾನೇನು ತಪ್ಪು ಮಾಡಿದೆ ಮೇಡಂ’ ಅಂತ ಕೇಳಿದಳು. ಅವಳು ಆವತ್ತು ಒಂದು ತಪ್ಪೂ ಮಾಡಿರಲಿಲ್ಲ. ಹೊಸಬಳ ಬಗ್ಗೆ ನನ್ನ ಹತ್ತಿರ ವಾದಕ್ಕೆ ಬರುವವರಲ್ಲಿ ಈ ಹುಡುಗಿಗೋಸ್ಕರ ಯಾರೂ ಬಂದದ್ದಿಲ್ಲ.

ಈಗ ಯಾರಿಗೆ ಯಾವ ಕ್ವಾರ್ಟರ್ ಅನ್ನುವುದನ್ನು ಪಂದ್ಯದ ಹಿಂದಿನ ದಿನ ಎಲ್ಲರ ಎದುರಿಗೇ ಹೇಳುತ್ತೇನೆ. ಹೊಸಬಳ ಜೊತೆ ನನ್ನ ಒಳ್ಳೆಯ ಇಬ್ಬರು ಗಾರ್ಡುಗಳನ್ನು ಇಡುತ್ತೇನೆ, ಪಾಸ್ ಸರಿಯಾದ ಎತ್ತರಕ್ಕೆ ಬರಲಿ ಅಂತ. ಒಂದು ಪಂದ್ಯಕ್ಕೆ ಅವಳಿಗೆ ಒಂದೇ ಕೆಲಸ ಹೇಳುತ್ತೇನೆ. ಸ್ಕೋರ್ ಹತ್ತಿರ ಇದ್ದರೆ ಕೊನೆಯ ಮೂರು ನಿಮಿಷ ಆಡಿಸುವುದಿಲ್ಲ, ಅದನ್ನು ಅವಳಿಗೇ ಹೇಳಿದ್ದೇನೆ. ಹೊರಗೆ ಬಂದರೆ ಪಕ್ಕ ಕೂರಿಸಿಕೊಂಡು ಮೊದಲು ಅವಳು ಸರಿ ಮಾಡಿದ್ದನ್ನು ಹೇಳುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಅವಳಿಗೆ ಜಾಸ್ತಿ ಹೊತ್ತು ಸಿಗಬೇಕು, ಸಿಗುತ್ತಿದೆ. ನೀವು ಕೇಳಿದಷ್ಟಲ್ಲ.

ಹೋದ ಭಾನುವಾರ ಎರಡನೇ ಕ್ವಾರ್ಟರಿನಲ್ಲಿ ಅವಳ ಕೈಯಿಂದ ಚೆಂಡು ಮತ್ತೆ ಹೋಯಿತು. ಈ ಸಲ ಗಲ್ಲದ ಹತ್ತಿರವೇ ಹಿಡಿದಿದ್ದಳು, ಹಿಂದಿನಿಂದ ಬಂದವಳನ್ನು ನೋಡಿರಲಿಲ್ಲ. ಹಿರಿಯ ಹುಡುಗಿ ನನ್ನ ಪಕ್ಕದಿಂದ ಎದ್ದು ‘ಓಡೇ, ಓಡೇ’ ಅಂತ ಕಿರುಚಿದಳು. ಮೆಟ್ಟಿಲ ಮೇಲಿಂದ ತಾತ ‘ಅಯ್ಯೋ ಪಾಪ’ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಅವಳು ಅರ್ಧ ಕೋರ್ಟ್ ದಾಟಿದ್ದಳು.